ಬಾಲು ಕರಡಿಯ ಹೆಸರಲ್ಲಿ ಒಂದು ಜಗಳ

ನಮ್ಮ ಹತ್ತನೇ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮಾಮೂಲಿಗೆ ಬರುವುದು ಅಡಕೆ ಧಾರಣೆ, ಗೃಹಪ್ರವೇಶದ ಕಾಗದ, ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ವಿಡಿಯೋ. ರಾಜಕೀಯಕ್ಕೆ ಅಡ್ಮಿನ್ ಗೀತಾ ಬೀಗ ಹಾಕಿ ವರ್ಷ ಕೆಲವಾಯಿತು. ಹಾಗಾಗಿ ಜಗಳಕ್ಕೆ ಕಾದು ಕೂತವರಿಗೆ ಮೊನ್ನೆ ಶನಿವಾರ ರಾತ್ರಿ ಒಂದು ಕರಡಿ ಸಿಕ್ಕಿತು. ಎಲ್ಲರ ಒಪ್ಪಿಗೆ ಕೇಳಿ, ಹೆಸರು ಬದಲಿಸಿ, ಸ್ಟಿಕ್ಕರ್ ಮತ್ತು ಎರಡು ಬೈಗುಳ ತೆಗೆದು ಇಲ್ಲಿ ಹಾಕಿದ್ದೇನೆ.

ಶ್ಯಾಮ (ಪೆರ್ಲ): [ಪೋಸ್ಟರಿನ ಫೋಟೋ] ಜಂಗಲ್ ಬುಕ್ 2. ಡಿಸ್ನಿಯವರ 2003ರ ಕಾರ್ಟೂನ್ ಸಿನಿಮಾ. ಯಾರಾದ್ರೂ ನೋಡಿದ್ದೀರಾ? ಮಕ್ಕಳಿಗೆ ಅಂತ ಹಾಕಿ ನಾನೂ ಕೂತೆ. ನಡುವಿನಲ್ಲಿ ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದೆ. ಬಂದು ನೋಡಿದ್ರೆ ಅಲ್ಲೇ ಇತ್ತು.

ರಜಾಕ್ (ದುಬೈ): ನಿಲ್ಲಿಸಿ ಹೋಗಿದ್ದಿ ಅಲ್ವಾ

ಶ್ಯಾಮ: ಇಲ್ಲ ಮಾರಾಯ, ಸಿನಿಮಾ ಓಡ್ತಾ ಇತ್ತು. ಕಥೆ ಅಲ್ಲೇ ಇತ್ತು.

ಉಷಾ (ಕುಂಬಳೆ): ನನ್ನ ಮಗ ಎರಡು ಸಲ ನೋಡಿದ್ದಾನೆ. ಆ ಸಣ್ಣ ಹುಡುಗ ರಂಜನ್ ಮೌಗ್ಲಿಯ ಹಿಂದೆಯೇ ಸುತ್ತುವುದು ನೋಡಿ ಬಿದ್ದು ಬಿದ್ದು ನಗ್ತಾನೆ. ನಿನಗೆ ಎಂತ ತೊಂದರೆ? ಅದು ನಿನ್ನ ಪ್ರಾಯದವರಿಗೆ ಮಾಡಿದ್ದಲ್ಲ.

ಶ್ಯಾಮ: ಹೇಳ್ತೇನೆ ಕೇಳು. 1967ರ ಮೊದಲ ಜಂಗಲ್ ಬುಕ್ ಸಿನಿಮಾದ ಕೊನೆ ನೆನಪುಂಟಾ? ಹುಡುಗಿ ನೀರಿಗೆ ಬರ್ತಾಳೆ. ಕೊಡ ಬೇಕಂತಲೇ ಬೀಳಿಸ್ತಾಳೆ. ಮೌಗ್ಲಿ ಅದನ್ನು ತುಂಬಿಸಿ ತಲೆ ಮೇಲೆ ಇಟ್ಟುಕೊಂಡು ಅವಳ ಹಿಂದೆ ಹೊರಡ್ತಾನೆ. ಒಮ್ಮೆ ತಿರುಗಿ ಬಾಲುವನ್ನು ನೋಡಿ ಭುಜ ಹಾರಿಸಿ ನಗ್ತಾನೆ, ನಾನೆಂತ ಮಾಡುವುದು ಅನ್ನುವ ಹಾಗೆ. ಒಂದು ಮಾತಿಲ್ಲ. ಕರಡಿಯೂ ಕರಿಚಿರತೆ ಬಘೀರನೂ ಕಾಡಿಗೆ ವಾಪಸ್. ಮುಗೀತು. ಅದಕ್ಕಿಂತ ಚಂದ ಮುಗಿಸ್ಲಿಕ್ಕೆ ಆಗ್ತದಾ?

ಶ್ಯಾಮ: ಈಗ ಎರಡನೇ ಭಾಗ. ಊರಲ್ಲಿ ಮೌಗ್ಲಿಗೆ ಬೇಜಾರು. ಬಾಲು ಬಂದು ಕರ್ಕೊಂಡು ಹೋಗ್ತಾನೆ. ಹುಲಿ ಶೇರ್ ಖಾನ್ ಬೆನ್ನು ಹತ್ತುತ್ತಾನೆ. ಕಾ ಹೆಬ್ಬಾವು ಬಂದು ಕಣ್ಣು ತಿರುಗಿಸ್ತಾನೆ. ಪುನಃ ಅದೇ ಹಾಡು, ಪುನಃ ಅದೇ ಕುಣಿತ. ಕೊನೆಗೆ ಪುನಃ ಊರು. ಕಾಸರಗೋಡಲ್ಲಿ ಬಸ್ಸು ಹತ್ತಿ ಬದಿಯಡ್ಕ ಸುತ್ತಿ ಕಾಸರಗೋಡಲ್ಲೇ ಇಳಿದ ಹಾಗಾಯ್ತು. ಟಿಕೆಟ್ ದುಡ್ಡು ಮಾತ್ರ ಹೋಯ್ತು.

ರಜಾಕ್: ಹುಲಿಯದ್ದು ಹೇಳು. ಒಂದು ರಣಹದ್ದು ಬಂದು ಹುಲಿಯನ್ನು ಎದುರಲ್ಲೇ ಗೇಲಿ ಮಾಡ್ತದೆ. ಹುಲಿಗೆ ಮರ್ಯಾದೆ ಬೇಡ್ವಾ?

ಗೀತಾ (ಅಡ್ಮಿನ್): ನೀವು ಹೇಳುವ 1967ರದ್ದನ್ನು ನಾವು ಯಾರು ಚಿಕ್ಕಂದಿನಲ್ಲಿ ನೋಡಿದ್ದು? ನಮ್ಮದು ಭಾನುವಾರ ಬೆಳಿಗ್ಗೆಯ ದೂರದರ್ಶನದ್ದು. ನಮ್ಮ ಮನೆಯಲ್ಲಿ ಟಿವಿ ಇರ್ಲಿಲ್ಲ, ಆಚೆಮನೆಗೆ ಓಡ್ತಿದ್ದದ್ದು. ಹಿಂದಿ ಒಂದಕ್ಷರ ತಿಳೀತಿರ್ಲಿಲ್ಲ.

ರಜಾಕ್: ಶೇರ್ ಖಾನ್‌ಗೆ ನಾನಾ ಪಾಟೇಕರ್ ಧ್ವನಿ. ಅದು ತಿಳೀತಿತ್ತು. ಉಚ್ಚೆ ಬರುವಷ್ಟು ತಿಳೀತಿತ್ತು.

ದಿನೇಶ (ಬೆಂಗಳೂರು): ಅದು ಜಪಾನಿನದ್ದು. 1989ರಲ್ಲಿ ಅಲ್ಲಿ ಶುರುವಾದ 52 ಕಂತುಗಳ ಸರಣಿ. ಇಲ್ಲಿಗೆ ಬಂದಾಗ ಗುಲ್ಜಾರ್ ಹಾಡು ಬರೆದ್ರು, ವಿಶಾಲ್ ಭಾರದ್ವಾಜ್ ಸಂಗೀತ. ಅಂದ್ರೆ ಬ್ರಿಟಿಷರವ ಕಿಪ್ಲಿಂಗ್ ಬರೆದ ಮಧ್ಯಪ್ರದೇಶದ ಕಾಡನ್ನು ಜಪಾನಿನವರು ಬಿಡಿಸಿ, ಹಿಂದಿಯವರು ಮಾತಾಡಿಸಿ, ಕಾಸರಗೋಡಿನ ಕನ್ನಡ ಮಕ್ಕಳು ಮಲಯಾಳ ರಾಜ್ಯದಲ್ಲಿ ಕೂತು ನೋಡಿದ್ದು.

(ದಿನೇಶ ಆ್ಯನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವವ. ಗುಂಪಿನಲ್ಲಿ ಅಪರೂಪಕ್ಕೆ ಬಾಯಿ ಬಿಡ್ತಾನೆ, ಬಿಟ್ಟರೆ ಮುಚ್ಚುವುದು ಕಷ್ಟ. ಅವನ ಮುಂದಿನ ಸಂದೇಶಕ್ಕೆ ‘ಇನ್ನೂ ಓದಿ’ ಒತ್ತಬೇಕಾಯಿತು.)

ದಿನೇಶ: ಶ್ಯಾಮ, ಬೈಯುವುದಾದ್ರೆ ಬೈ, ಆದ್ರೆ ಸರಿಯಾದ ಜನರನ್ನು ಬೈ. ಚಿತ್ರ ಬಿಡಿಸಿದವರದ್ದು ತಪ್ಪಲ್ಲ. 1994ರಲ್ಲಿ ಡಿಸ್ನಿಯವರು ಅಲಾದ್ದೀನನ ಮುಂದಿನ ಭಾಗ ಅಂತ ‘ರಿಟರ್ನ್ ಆಫ್ ಜಾಫರ್’ ಮಾಡಿದ್ರು. ಥಿಯೇಟರಿಗೆ ಬಿಡ್ಲಿಲ್ಲ, ನೇರ ಕ್ಯಾಸೆಟ್. ಕಡಿಮೆ ಖರ್ಚು, ಒಂದು ಕೋಟಿಗೂ ಹೆಚ್ಚು ಕ್ಯಾಸೆಟ್ ಮಾರಾಟ. ರುಚಿ ಹತ್ತಿತು. ಆಮೇಲೆ 1998ರಲ್ಲಿ ಲಯನ್ ಕಿಂಗ್, 2000ದಲ್ಲಿ ಲಿಟಲ್ ಮರ್ಮೇಡ್, 2002ರಲ್ಲಿ ಸಿಂಡ್ರೆಲ್ಲಾ, ಎಲ್ಲದಕ್ಕೂ ಬಾಲ ಕಟ್ಟಿದ್ರು. ಸಿಂಡ್ರೆಲ್ಲಾಗೆ ಮದುವೆ ಆದ ಮೇಲೆ ಎಂತ ಕಥೆ ಅಂತ ಕೇಳಬೇಡ. ಜಂಗಲ್ ಬುಕ್ 2 ಥಿಯೇಟರಿಗೂ ಬಂತು. ಖರ್ಚು ಸುಮಾರು 2 ಕೋಟಿ ಡಾಲರ್, ಲೋಕವಿಡೀ ಸೇರಿ ಬಂದದ್ದು 13 ಕೋಟಿಗೂ ಮಿಕ್ಕಿ. ನಿನ್ನ ಹಾಗೆ ಬೈದುಕೊಂಡೇ ಜನ ದುಡ್ಡು ಕೊಟ್ಟಿದ್ದಾರೆ. ಬಿಡಿಸಿದ್ದು ಡಿಸ್ನಿಯ ಸಿಡ್ನಿ ಸ್ಟುಡಿಯೋದವರು. 2006ರಲ್ಲಿ ಆ ಸ್ಟುಡಿಯೋ ಮುಚ್ಚಿದ್ರು. ಅದೇ ವರ್ಷ ಡಿಸ್ನಿ ಪಿಕ್ಸಾರ್ ಅನ್ನುವ ಆ್ಯನಿಮೇಷನ್ ಕಂಪನಿಯನ್ನು ಕೊಂಡುಕೊಂಡಿತು, ಪಿಕ್ಸಾರಿನ ಜಾನ್ ಲ್ಯಾಸೆಟರ್ ಬಂದು ಮರುವರ್ಷ ಈ ಬಾಲ ಕಟ್ಟುವ ಕೆಲಸವನ್ನೇ ನಿಲ್ಲಿಸಿದ. ಒಳ್ಳೇದೇ ಆಯ್ತು ಅನ್ನು. ಆದ್ರೆ ಕೆಲಸ ಹೋದದ್ದು ಪೆನ್ಸಿಲ್ ಹಿಡಿದವರದ್ದು.

ಶ್ಯಾಮ: ಅವರ ಹೊಟ್ಟೆಪಾಡಿಗೆ ನನ್ನ ಅನುಕಂಪ ಉಂಟು. ಹಾಗಂತ ಸಿನಿಮಾ ಚಂದ ಆಗ್ತದಾ? ಬಾಲು ಕೂಡ ಎಂತದೋ ಬೇರೆ ಥರ ಕಾಣ್ತಾನೆ. ಎಂತ ಅಂತ ಹೇಳ್ಲಿಕ್ಕೆ ಬರುವುದಿಲ್ಲ.

ದಿನೇಶ: ಅದು ನಾನು ಹೇಳ್ತೇನೆ. 1967ರದ್ದರಲ್ಲಿ ಬಾಲು ಮರಕ್ಕೆ ಬೆನ್ನು ತಿಕ್ಕುವ ಜಾಗ ಉಂಟಲ್ಲ, ಕೊನೆಗೆ ಮರವನ್ನೇ ಕಿತ್ತು ಬೆನ್ನು ಕೆರೆದುಕೊಳ್ತಾನೆ, ಅಲ್ಲಿ ನಿಲ್ಲಿಸಿ ಅವನ ಅಂಚು ನೋಡು. ಗೆರೆ ಒರಟು. ಕೆಲವು ಕಡೆ ಒಂದರ ಮೇಲೊಂದು ಎರಡು ಗೆರೆ ಕಾಣ್ತದೆ. ಆಗ ಕಲಾವಿದ ಪೆನ್ಸಿಲಿನಲ್ಲಿ ಬಿಡಿಸಿದ್ದನ್ನೇ ಜೆರಾಕ್ಸ್ ಮಾಡಿ ಪಾರದರ್ಶಕ ಹಾಳೆಗೆ ಇಳಿಸ್ತಿದ್ರು. ಕೈ ನಡುಗಿದ್ದೂ, ಒತ್ತಿದ್ದೂ ಹಾಗೇ ಬರ್ತಿತ್ತು. 2003ರಲ್ಲಿ ಬಣ್ಣ ತುಂಬುವುದು ಕಂಪ್ಯೂಟರಿನಲ್ಲಿ. ಗೆರೆ ಎಲ್ಲ ಒಂದೇ ಸಮ, ನೀಟು. ಕೂದಲಿರುವ ಪ್ರಾಣಿಗೆ ನೀಟು ಆಗುವುದಿಲ್ಲ. ನಿನ್ನ ಕಣ್ಣಿಗೆ ಅದು ಗೊತ್ತಾಗಿದೆ, ಬಾಯಿಗೆ ಗೊತ್ತಾಗ್ಲಿಲ್ಲ ಅಷ್ಟೆ.

ಗೀತಾ: ಇದು ನಿಜ. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಹಳೆಯ ಬಾಲುವಿನ ಗಲ್ಲದ ಕೆಳಗೆ ಅಳಿಸದೆ ಬಿಟ್ಟ ಪೆನ್ಸಿಲ್ ಗೆರೆ ಕಾಣ್ತದೆ.

ವಸಂತ (ಮುಳ್ಳೇರಿಯ): ನನಗೆ ಒಂದು ಡೌಟು. ಕೊನೆಗೆ ಹಾಳು ದೇವಸ್ಥಾನದ ಸುತ್ತ ಲಾವಾ ಕುದೀತಾ ಉಂಟು. ಕಥೆ ನಡೆಯುವ ಸಿವನಿ ಕಾಡಿನಲ್ಲಿ ಲಾವಾ ಎಲ್ಲಿಂದ ಬಂತು? ಇಷ್ಟು ವರ್ಷ ಫಾರೆಸ್ಟ್ ಇಲಾಖೆಯಲ್ಲಿ ಇದ್ದೇನೆ, ಆನೆ ನೋಡಿದ್ದೇನೆ, ಚಿರತೆ ಹೆಜ್ಜೆ ನೋಡಿದ್ದೇನೆ, ಲಾವಾ ನೋಡ್ಲಿಲ್ಲ.

ದಿನೇಶ: ಆ ಕಡೆಯ ನೆಲದಲ್ಲಿ ತುಂಬ ಭಾಗ ಲಾವಾ ಹೆಪ್ಪುಗಟ್ಟಿ ಆದದ್ದೇ. ಸುಮಾರು 6.6 ಕೋಟಿ ವರ್ಷದ ಹಿಂದಿನದ್ದು.

ವಸಂತ: ಹಾಗಾದ್ರೆ ಶೇರ್ ಖಾನ್ ಸ್ವಲ್ಪ ತಡವಾಗಿ ಬಂದದ್ದು.

(ಇಷ್ಟು ಹೊತ್ತಿಗೆ ಮಾಷ್ಟ್ರು ‘ಟೈಪಿಂಗ್’ ಅಂತ ತೋರಿಸಲು ಶುರುವಾಗಿ ಕಾಲು ಗಂಟೆ ಆಗಿತ್ತು. ನಮಗೆ ಕನ್ನಡ ಕಲಿಸಿದವರು. ಅವರು ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಕ್ಲಾಸಿನ ಅಭ್ಯಾಸ ಇನ್ನೂ ಬಿಟ್ಟಿಲ್ಲ.)

ಮಾಷ್ಟ್ರು: ಮುಂದಿನ ಭಾಗದ ಕಾಯಿಲೆ ನಮ್ಮಲ್ಲಿಯೂ ಇತ್ತು ಮಕ್ಕಳೇ. ಕುಮಾರವ್ಯಾಸ ಗದಾಪರ್ವಕ್ಕೆ ಬಂದು ನಿಲ್ಲಿಸಿದ. ಹತ್ತು ಪರ್ವ. ಉಳಿದ ಎಂಟನ್ನು ಕೃಷ್ಣದೇವರಾಯ ತಿಮ್ಮಣ್ಣ ಕವಿಯಿಂದ ಬರೆಸಿದ. ಅದೇ ಕಥೆ, ಅದೇ ಭಾಮಿನಿ ಷಟ್ಪದಿ, ರಾಜನ ಬೆಂಬಲ ಬೇರೆ. ಈಗ ನಿಮ್ಮಲ್ಲಿ ಯಾರಾದರೂ ತಿಮ್ಮಣ್ಣನ ಒಂದು ಪದ್ಯ ಹೇಳಿ ನೋಡುವ.

(ಎಲ್ಲರೂ ಓದಿದ್ದಕ್ಕೆ ನೀಲಿ ಗುರುತು ಬಿತ್ತು. ಉತ್ತರ ಬರಲಿಲ್ಲ.)

ಉಷಾ: ಮಾಷ್ಟ್ರೇ, ಲಕ್ಷ್ಮೀಶ? ಜೈಮಿನಿ ಭಾರತವೂ ಯುದ್ಧ ಮುಗಿದ ಮೇಲಿನ ಕಥೆಯೇ ಅಲ್ವಾ? ಅದನ್ನು ನೀವೇ ಅಷ್ಟು ಹೊಗಳ್ತಿದ್ದಿರಿ.

ಮಾಷ್ಟ್ರು: ಶಹಭಾಸ್ ಉಷಾ. ಆದರೆ ಲಕ್ಷ್ಮೀಶ ಕುಮಾರವ್ಯಾಸನ ಬಾಲ ಹಿಡಿಯಲಿಲ್ಲ. ಜೈಮಿನಿಯ ದಾರಿ ಹಿಡಿದ, ವಾರ್ಧಕ ಷಟ್ಪದಿಯಲ್ಲಿ ಬರೆದ. ಸುಧನ್ವ, ಚಂದ್ರಹಾಸ, ಬಭ್ರುವಾಹನ, ಎಲ್ಲ ಬೇರೆ ಜನ, ಬೇರೆ ಸಂಕಟ. ಸುಧನ್ವನ ಪ್ರಸಂಗಕ್ಕೆ ಇವತ್ತಿಗೂ ತಾಳಮದ್ದಲೆಯಲ್ಲಿ ಜನ ಬೆಳಗಿನವರೆಗೆ ಕೂರುತ್ತಾರೆ. ಮುಂದುವರಿಸಬಾರದು ಎಂದು ನಾನು ಹೇಳಲಿಲ್ಲ. ಹೇಳಲು ಹೊಸತು ಇರಬೇಕು.

ಶ್ಯಾಮ: ಮಾಷ್ಟ್ರು ನನ್ನ ಪಕ್ಷ. ಮುಗೀತು ಚರ್ಚೆ.

ಮಾಷ್ಟ್ರು: ಪೂರ್ತಿ ನಿನ್ನ ಪಕ್ಷವೂ ಅಲ್ಲ ಶ್ಯಾಮ. ನೀನು ಮೂಲ ಮೂಲ ಎನ್ನುವ 1967ರ ಸಿನಿಮಾ ಪುಸ್ತಕಕ್ಕೆ ಮಾಡಿದ್ದೇನು? 1894ರ ಪುಸ್ತಕದಲ್ಲಿ ಕಾ ಹೆಬ್ಬಾವು ಮೌಗ್ಲಿಯ ಗೆಳೆಯ, ಮಂಗಗಳಿಂದ ಅವನನ್ನು ಬಿಡಿಸಿಕೊಂಡು ಬರುವವ. ಮಂಗಗಳಿಗೆ ರಾಜನೇ ಇಲ್ಲ. ಬಾಲು ಕುಣಿಯುವ ಸೋಮಾರಿಯೂ ಅಲ್ಲ. ಕಾಡಿನ ಕಾನೂನು ಕಲಿಸುವ ಮಾಷ್ಟ್ರು. ಪಾಠ ತಪ್ಪಿದರೆ ಹುಡುಗನ ಮೋರೆ ಬಾತುಕೊಳ್ಳುವ ಹಾಗೆ ಬಾರಿಸುತ್ತಿದ್ದ.

ರಜಾಕ್: ನಿಮ್ಮ ಹಾಗೆ.

ಮಾಷ್ಟ್ರು: ನಿನಗೆ ಬಿದ್ದದ್ದು ಸಾಕಾಗಲಿಲ್ಲ.

ದಿನೇಶ: ವಾಲ್ಟ್ ಡಿಸ್ನಿ ಕಥೆ ಬರೆಯುವವನ ಕೈಗೆ ಪುಸ್ತಕ ಕೊಟ್ಟು, ಮೊದಲನೆಯದಾಗಿ ಇದನ್ನು ಓದಬೇಡ ಅಂದಿದ್ದ. ಬಿಲ್ ಪೀಟ್ ಅನ್ನುವವ ಪುಸ್ತಕದ ಹಾಗೆ ಗಂಭೀರವಾಗಿ ಕಥೆ ಮಾಡಿ ಕೊಟ್ಟದ್ದು ಡಿಸ್ನಿಗೆ ಹಿಡಿಸ್ಲಿಲ್ಲ, ಪೀಟ್ ಕೆಲಸ ಬಿಟ್ಟು ಹೋದ. 1966ರ ಡಿಸೆಂಬರಿನಲ್ಲಿ ಡಿಸ್ನಿ ತೀರಿಹೋದ, ಸಿನಿಮಾ ಬಂದದ್ದು ಮರುವರ್ಷ ಅಕ್ಟೋಬರಿನಲ್ಲಿ. ಮೂಲವನ್ನು ಕೆಡಿಸಿದ್ರೂ ಪರವಾಗಿಲ್ಲ ಮಾಷ್ಟ್ರೇ, ಆ ಮನುಷ್ಯನಿಗೆ ತನಗೆ ಎಂತ ಬೇಕು ಅಂತ ಗೊತ್ತಿತ್ತು. ಎರಡನೆಯದ್ದರವರಿಗೆ ಮೊದಲನೆಯದ್ದು ಬೇಕಿತ್ತು, ಅಷ್ಟೆ.

ಉಷಾ: ನಾನೊಂದು ಹೇಳ್ಲಾ? ನೀವು ಯಾರೂ ಸಿನಿಮಾದ ಕೊನೆಯ ಬಗ್ಗೆ ಮಾತಾಡ್ಲಿಲ್ಲ. ಶ್ಯಾಮ ಪುನಃ ಊರು ಅಂತ ಬರೆದ, ಅದು ಸರಿಯಲ್ಲ. ಮೌಗ್ಲಿ, ಆ ಕೊಡದ ಹುಡುಗಿ ಶಾಂತಿ, ರಂಜನ್ ಊರಲ್ಲೇ ಇರ್ತಾರೆ, ಆದ್ರೆ ಕಾಡಿಗೆ ಹೋಗಿ ಬಾಲುವಿನ ಹತ್ತಿರ ಆಡಿ ಬರ್ತಾರೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕು ಅಂತ ಇಲ್ಲ. ಮೊದಲನೆಯದ್ದರಲ್ಲಿ ಮನುಷ್ಯ ಮನುಷ್ಯರ ಹತ್ತಿರವೇ ಹೋಗಬೇಕು ಅಂತ ಬಾಗಿಲು ಹಾಕಿದ್ರು. ನನಗೆ ಅದೇ ಹಿಡಿಸುವುದಿಲ್ಲ.

ಶ್ಯಾಮ: ಅದೇ ನಾನು ಹೇಳುವುದು. ಆಚೆಯೂ ಬೇಕು, ಈಚೆಯೂ ಬೇಕು. ಬಿಟ್ಟು ಹೋಗುವ ನೋವೇ ಇಲ್ಲದ ಮೇಲೆ ಕಥೆ ಎಂತದ್ದು?

ಉಷಾ: ನಾವು ಎಂತ ಮಾಡ್ತಾ ಇದ್ದೇವೆ ಶ್ಯಾಮ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮವರು ಮಾಡ್ತಾ ಇರುವುದು ಅದನ್ನೇ ಅಲ್ವಾ? ರೇಷನ್ ಕಾರ್ಡ್ ಕೇರಳದ್ದು, ಆಸ್ಪತ್ರೆಗೆ ಮಂಗಳೂರು. ವಿಲೇಜ್ ಆಫೀಸಿನಲ್ಲಿ ಮಲಯಾಳ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನ್ನ ಮಗ ಮೂರರಲ್ಲೂ ಜಗಳ ಮಾಡ್ತಾನೆ. ಅವನಿಗೆ ಆ ಕೊನೆ ಇಷ್ಟ ಆದದ್ದು ಯಾಕೆ ಅಂತ ನನಗೆ ಗೊತ್ತು. ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಬಾಗಿಲು ಹಾಕುವುದು ಅಂದ್ರೆ ಎಂತ ಅಂತ ನೋಡಿದ್ದೇವಲ್ಲ.

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ನಡುವೆ ಯಾರೋ ನಾಳೆಯ ಶುಭೋದಯವನ್ನು ಈಗಲೇ ಕಳಿಸಿದರು.)

ಶ್ಯಾಮ: ಉಷಾ, ನೀನು ಬರೆದದ್ದು ಸಿನಿಮಾಕ್ಕಿಂತ ಒಳ್ಳೆದುಂಟು. ಜಗಳ ಬಿಡ್ಲಿಕ್ಕೆ ಹೇಳುವುದಲ್ಲ, ನಿಜಕ್ಕೂ. ಆದ್ರೆ ನೀನು ಹೇಳಿದ್ದು ಅದರಲ್ಲಿ ಎಷ್ಟು ಹೊತ್ತು ಉಂಟು? ಕೊನೆಗೆ ಒಂದೆರಡು ನಿಮಿಷ. ಇಡೀ ಸಿನಿಮಾ 72 ನಿಮಿಷ, ಉಳಿದದ್ದೆಲ್ಲ ಓಡಿಸಿದ್ದು, ಹಾಡಿಸಿದ್ದು. ಊರಿನಲ್ಲಿ ಅವನಿಗೆ ನಿದ್ರೆ ಬರ್ತದಾ? ಊಟ ಸೇರ್ತದಾ? ಕಾಡಿನ ಮಾತು ಬಾಯಿತಪ್ಪಿ ಬಂದ್ರೆ ಊರವರು ನಗ್ತಾರಾ? ಇದನ್ನು ತೋರಿಸಿದ್ರೆ ನಾನು ಹಟ್ಟಿಗೆ ಹೋಗ್ತಿರ್ಲಿಲ್ಲ. ದನ ಕೂಗಿದ್ರೂ ಹೋಗ್ತಿರ್ಲಿಲ್ಲ.

ಮಾಷ್ಟ್ರು: ಅದೆಲ್ಲ ಪುಸ್ತಕದಲ್ಲಿ ಉಂಟು. ಮೆಸ್ಸುವಾ ಎಂಬ ತಾಯಿ ಅವನನ್ನು ಮನೆಗೆ ಸೇರಿಸುತ್ತಾಳೆ. ಮಾಡಿನ ಕೆಳಗೆ ಮಲಗಲು ಆಗದೆ ಅವನು ಕಿಟಕಿ ಹಾರಿ ಹುಲ್ಲಿನಲ್ಲಿ ಮಲಗುತ್ತಾನೆ. ಬಟ್ಟೆ ಉಡಲು, ದುಡ್ಡು ಎಣಿಸಲು, ಉಳಲು ಕಲಿಸುತ್ತಾರೆ. ಎಮ್ಮೆಗಳನ್ನು ನುಗ್ಗಿಸಿ ಶೇರ್ ಖಾನನನ್ನು ಕೊಂದು ಬಂದರೆ, ಮಾಟಗಾರ ಎಂದು ಊರವರೇ ಕಲ್ಲು ಹೊಡೆಯುತ್ತಾರೆ. ಅದಕ್ಕೂ ಮೊದಲು ತೋಳಗಳ ಹಿಂಡೂ ಅವನನ್ನು ಹೊರಗೆ ಹಾಕಿತ್ತು. ಎರಡೂ ಕಡೆ ಇಲ್ಲದವನು.

ಉಷಾ: ಅಯ್ಯೋ. ಇದನ್ನು ಮಗನಿಗೆ ಹೇಳ್ಲಾ ಬೇಡ್ವಾ?

ಮಾಷ್ಟ್ರು: ಧಾರಾಳ ಹೇಳು. ಮಕ್ಕಳು ಗಟ್ಟಿ ಇರುತ್ತಾರೆ. 1895ರಲ್ಲಿ ಕಿಪ್ಲಿಂಗನೇ ಎರಡನೇ ಪುಸ್ತಕ ಬರೆದ, ಅದರಲ್ಲಿ ಇನ್ನೂ ಉಂಟು. ತಮಾಷೆ ಎಂದರೆ, ಇದೆಲ್ಲದರ ಮೊದಲು 1893ರಲ್ಲೇ ದೊಡ್ಡವನಾದ ಮೌಗ್ಲಿಯ ಒಂದು ಕಥೆ ಬಂದಿತ್ತು. ಅದರಲ್ಲಿ ಅವನಿಗೆ ಫಾರೆಸ್ಟ್ ಇಲಾಖೆಯಲ್ಲಿ ಕೆಲಸ ಆಗುತ್ತದೆ. ಪಿಂಚಣಿ ಸಮೇತ.

ವಸಂತ: ಪಿಂಚಣಿಯಾ!! 2013ರ ನಂತರ ಸೇರಿ ಹಳೆಯ ಪಿಂಚಣಿ ಸಿಗದ ನಮ್ಮ ಹುಡುಗರಿಗೆ ಹೇಳ್ತೇನೆ, ಹೊಟ್ಟೆ ಉರಿಸಿಕೊಳ್ಳಲಿ.

ರಜಾಕ್: ಪಿಎಸ್‌ಸಿ ಬರೆದನಾ? ಪ್ರಶ್ನೆಪತ್ರಿಕೆ ಮಲಯಾಳದಲ್ಲಿ ಇತ್ತಾ?

ವಸಂತ: ಅವನಿಗೆ ತೋಳದ ಭಾಷೆ ಬರ್ತಿತ್ತಲ್ಲ. ಭಾಷಾ ಅಲ್ಪಸಂಖ್ಯಾತರ ಕೋಟಾದಲ್ಲಿ ಹಾಕಿರ್ತಾರೆ.

ಶ್ಯಾಮ: ಮಾಷ್ಟ್ರೇ, ಪುಸ್ತಕ ನಿಮ್ಮಲ್ಲಿ ಉಂಟಾ? ನಾಳೆ ನೀರ್ಚಾಲಿಗೆ ಬರ್ಲಿಕ್ಕುಂಟು.

ಮಾಷ್ಟ್ರು: ಉಂಟು. ಹತ್ತು ಗಂಟೆಯ ಮೇಲೆ ಬಾ. ಹೋದ ಸಲ ಕೊಂಡುಹೋದದ್ದನ್ನು ವಾಪಸ್ ತಂದರೆ ಮಾತ್ರ.

ಗೀತಾ: ಗಂಟೆ ಹನ್ನೆರಡಾಯ್ತು, ಇನ್ನು ಎಲ್ಲರೂ ಮಲಗಿ. ಒಂದು ವಿಷಯ, ಗಮ್ಮತ್ತಿನ ದಿವಸದ ಊಟದ ದುಡ್ಡು ಕೆಲವರದ್ದು ಇನ್ನೂ ಬರ್ಲಿಲ್ಲ. ಹೆಸರು ಹಾಕುವುದಿಲ್ಲ. ಶ್ಯಾಮ, ನಿನ್ನದೂ.