ಹರಿಕೇನ್ ಋತುವಿನ ಮುನ್ನೋಟ ನೋಡಿ ಕ್ರೂಸ್ ತಿಂಗಳು ಬದಲಿಸಬೇಕೆ?

ಕಡಲಂಚು:
ಸೆಪ್ಟೆಂಬರ್ ಎರಡನೇ ವಾರಕ್ಕೆ ಪೂರ್ವ ಕೆರಿಬಿಯನ್‌ನ 7 ರಾತ್ರಿಯ ಕ್ರೂಸ್ ಒಂದನ್ನು ನೋಡಿಟ್ಟಿದ್ದೇನೆ. ದರ ಅಗ್ಗ, ಮುಂಗಡ ಇನ್ನೂ ಕಟ್ಟಿಲ್ಲ. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಮೇ ಕೊನೆಯಲ್ಲಿ ಕೊಡುವ ಮುನ್ನೋಟದಲ್ಲಿ ‘ಸರಾಸರಿಗಿಂತ ಹೆಚ್ಚು’ ಅಂತ ಬಂದರೆ ಕೈಬಿಡಬೇಕೆ? ‘ಕಡಿಮೆ’ ಅಂತ ಬಂದರೆ ಧೈರ್ಯವಾಗಿ ಹೊರಡಬಹುದೆ? ಎಲ್ ನಿನೊ (ಪೆಸಿಫಿಕ್ ಸಾಗರದ ನಡುಭಾಗದ ನೀರು ಬಿಸಿಯಾಗುವ) ವರ್ಷ ಆದರೆ ಅಟ್ಲಾಂಟಿಕ್ ಶಾಂತ ಅನ್ನುತ್ತಾರೆ, ಅದು ಎಷ್ಟು ನಿಜ?

ಗಾಳಿಲೆಕ್ಕ:
ಎರಡಕ್ಕೂ ಉತ್ತರ ‘ಇಲ್ಲ’. ಆ ಮುನ್ನೋಟ ಹೇಳುವುದು ಜೂನ್ 1ರಿಂದ ನವೆಂಬರ್ 30ರವರೆಗೆ ಇಡೀ ಅಟ್ಲಾಂಟಿಕ್‌ನಲ್ಲಿ ಎಷ್ಟು ಬಿರುಗಾಳಿ ಏಳಬಹುದು ಎಂಬುದನ್ನು. ಯಾವ ವಾರ, ಯಾವ ದ್ವೀಪ ಎಂಬುದು ಅದರಲ್ಲಿ ಇರುವುದೇ ಇಲ್ಲ. 1991–2020ರ ಸರಾಸರಿ: ಹೆಸರು ಪಡೆಯುವಷ್ಟು ಬಲಿತ ಬಿರುಗಾಳಿ 14, ಅದರಲ್ಲಿ ಇನ್ನೂ ಬಲಿತು ಹರಿಕೇನ್ ಆದದ್ದು 7, ಅದರಲ್ಲೂ ತೀವ್ರ ಹರಿಕೇನ್ 3.

1992ರಲ್ಲಿ ಹೆಸರು ಪಡೆದದ್ದು ಬರೀ 6. ಅದರಲ್ಲಿ ಮೊದಲನೆಯದೇ ಆಂಡ್ರ್ಯೂ. ಬಹಾಮಾಸ್ ದಾಟಿ ದಕ್ಷಿಣ ಫ್ಲೋರಿಡಾವನ್ನು ನೆಲಸಮ ಮಾಡಿತು. 2010ರಲ್ಲಿ 12 ಹರಿಕೇನ್ ಎದ್ದರೂ ಅಮೆರಿಕದ ನೆಲಕ್ಕೆ ಒಂದೂ ಹರಿಕೇನ್ ಆಗಿ ಅಪ್ಪಳಿಸಲಿಲ್ಲ. ಆದರೆ ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಪೂರ್ವ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಟೋಮಸ್ ಹರಿಕೇನ್ ಹೊಡೆಯಿತು.

ಎಲ್ ನಿನೊ ಮಾತು ಅರ್ಧ ಸರಿ. ಅದು ಬಂದಾಗ ಅಟ್ಲಾಂಟಿಕ್ ಮೇಲೆ ಎತ್ತರದ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕಿನ ವ್ಯತ್ಯಾಸ ಹೆಚ್ಚುತ್ತದೆ. ಮೇಲೇಳುವ ಮೋಡದ ಗೋಪುರ ವಾಲಿ ಹರಿದುಹೋಗುವುದರಿಂದ ಚಂಡಮಾರುತ ಬಲಿಯುವುದಿಲ್ಲ. ಪೆಸಿಫಿಕ್ ನೀರು ತಣ್ಣಗಾಗುವ ಲಾ ನಿನಾದಲ್ಲಿ ಇದರ ತಿರುವುಮುರುವು. ಆದರೆ 2023 ಎಲ್ ನಿನೊ ವರ್ಷ. ಅಟ್ಲಾಂಟಿಕ್ ನೀರು ದಾಖಲೆ ಮಟ್ಟಕ್ಕೆ ಬಿಸಿಯಾಗಿದ್ದರಿಂದ ಹೆಸರಿಡುವ ಮಟ್ಟದ 20 ಬಿರುಗಾಳಿಗಳು ಎದ್ದವು. ಇನ್ನೊಂದು: ಮಾರ್ಚ್–ಮೇ ತಿಂಗಳಲ್ಲಿ ಮಾಡಿದ ಎಲ್ ನಿನೊ ಮುನ್ಸೂಚನೆಗೆ ನಿಖರತೆ ಕಡಿಮೆ. ಆಗಸ್ಟ್ ಮೊದಲಲ್ಲಿ ನೋವಾ ಪರಿಷ್ಕರಿಸುವ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ, ಆದರೆ ಅಷ್ಟರಲ್ಲಿ ನಿಮ್ಮ ಹಣ ಪೂರ್ತಿ ಕಟ್ಟಿ ಆಗಿರುತ್ತದೆ.

ನಿಮ್ಮ ನಿಜವಾದ ತೊಂದರೆ ಮುನ್ನೋಟದ್ದಲ್ಲ, ತಾರೀಖಿನದ್ದು. ಋತುವಿನ ಶಿಖರ ಸೆಪ್ಟೆಂಬರ್ 10ರ ಆಸುಪಾಸು. ಹಲವು ವರ್ಷಗಳ ಸರಾಸರಿ ತೋರಿಸುವುದು ಅದೇ ವಾರವನ್ನು. ದರ ಅಗ್ಗ ಇರುವುದೂ ಅದಕ್ಕೇ.

ಡೆಕ್_ಹನ್ನೊಂದು:
ಹಡಗಿಗೆ ಏನಾಗುತ್ತೋ ಎಂಬ ಹೆದರಿಕೆ ಬೇಡ. ಕ್ರೂಸ್ ಹಡಗಿನ ವೇಗ ಸುಮಾರು 20 ನಾಟ್ (ಗಂಟೆಗೆ 37 ಕಿ.ಮೀ.). ಉಷ್ಣವಲಯದಲ್ಲಿ ಚಂಡಮಾರುತ ಸಾಮಾನ್ಯವಾಗಿ ಅದಕ್ಕಿಂತ ನಿಧಾನವಾಗಿ ಸಾಗುತ್ತದೆ, ಕ್ಯಾಪ್ಟನ್ ಸುತ್ತು ಹಾಕಿ ಹೋಗುತ್ತಾರೆ. ಕೆಡುವುದು ನಿಮ್ಮ ದಾರಿಪಟ್ಟಿ. ಪೂರ್ವ ಕೆರಿಬಿಯನ್ ಅಂತ ಹತ್ತಿದವರು ಪಶ್ಚಿಮ ಕೆರಿಬಿಯನ್ ನೋಡಿ ಬರುತ್ತಾರೆ. ಟಿಕೆಟ್ ಕರಾರಿನಲ್ಲಿ ಇದಕ್ಕೆ ಅವಕಾಶ ಇದೆ. ತಪ್ಪಿದ ಬಂದರಿನ ತೆರಿಗೆ, ಶುಲ್ಕ ವಾಪಸ್ ಬರಬಹುದು, ಅಷ್ಟೇ.

ಹೊರಡುವ ಬಂದರು ಮುಚ್ಚಿದರೆ ಇನ್ನೂ ಕಷ್ಟ. ಅಮೆರಿಕದಲ್ಲಿ ಬಿರುಸಿನ ಗಾಳಿ 12 ಗಂಟೆಯೊಳಗೆ ಬರುತ್ತದೆ ಅಂದರೆ ಕೋಸ್ಟ್ ಗಾರ್ಡ್ ‘ಜುಲು’ ಸ್ಥಿತಿ ಘೋಷಿಸಿ ಬಂದರು ಮುಚ್ಚುತ್ತದೆ. ಹಡಗು ಒಂದೆರಡು ದಿನ ಹೊರಗೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಹೋಗುವಾಗ ಒಂದು ದಿನ ಮೊದಲೇ ಆ ಊರು ತಲುಪಿ, ಬರುವಾಗ ತಾರೀಖು ಬದಲಿಸಬಹುದಾದ ವಿಮಾನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಎರಡರಲ್ಲಿ ಒಂದಕ್ಕೇ ಹಣ ಇದ್ದರೆ ವಾಪಸ್ ಟಿಕೆಟ್ಟಿಗೆ ಹಾಕಿ.

ವಿಮೆಯನ್ನು ಮುಂಗಡ ಕಟ್ಟಿದ ಕೂಡಲೇ ಮಾಡಿಸಿ. ಬಿರುಗಾಳಿಗೆ ಹೆಸರು ಬಿದ್ದ ಮೇಲೆ ಕೊಂಡ ಪಾಲಿಸಿ ಆ ಬಿರುಗಾಳಿಯ ನಷ್ಟಕ್ಕೆ ಬರುವುದಿಲ್ಲ. ‘ಯಾವ ಕಾರಣಕ್ಕಾದರೂ ರದ್ದು’ ಎಂಬ ಸೌಲಭ್ಯ ಬೇಕಾದರೆ ಮೊದಲ ಪಾವತಿಯಾದ 14ರಿಂದ 21 ದಿನದೊಳಗೆ ಸೇರಿಸಬೇಕಾಗುತ್ತದೆ, ಅದೂ ಸಾಮಾನ್ಯವಾಗಿ 50–75 ಪ್ರತಿಶತ ಮಾತ್ರ ಕೊಡುತ್ತದೆ. ‘ಈ ವರ್ಷ ಹರಿಕೇನ್ ಜಾಸ್ತಿಯಂತೆ’ ಎಂಬ ಕಾರಣ ಮಾಮೂಲಿ ಪಾಲಿಸಿಯಲ್ಲಿ ನಡೆಯುವುದಿಲ್ಲ.

ಕಡಲಂಚು:
ಹಾಗಾದರೆ ಈ ಮುನ್ನೋಟದಿಂದ ಪ್ರಯಾಣಿಕರಿಗೆ ಉಪಯೋಗವೇ ಇಲ್ಲವೆ? ಕೆರಿಬಿಯನ್ ಬಿಟ್ಟು ಯುರೋಪಿನ ರೈನ್ ನದಿಯ ಕ್ರೂಸ್ ಮಾಡಿದರೆ?

ನೀರಮಟ್ಟ:
ನದಿಯಲ್ಲೇ ಉಪಯೋಗ ಜಾಸ್ತಿ ಅನ್ನುವೆ. ಹರಿಕೇನ್ ದಿಢೀರನೆ ಬರುತ್ತದೆ; ನದಿ ಇಳಿಯುವುದಕ್ಕೆ ವಾರಗಟ್ಟಲೆ ಬೇಕು. ಆಲ್ಪ್ಸ್‌ನಲ್ಲಿ ಹಿಮ ಕಡಿಮೆ ಬಿದ್ದು, ಆಮೇಲೆ ಬೇಸಿಗೆ ಒಣಗಿತು ಅಂದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರೈನ್ ಬತ್ತುತ್ತದೆ. ಗಮನಿಸಬೇಕಾದದ್ದು ಜರ್ಮನಿಯ ಕೌಬ್ ಎಂಬಲ್ಲಿನ ನೀರಿನ ಮಟ್ಟದ ಮಾಪಕ. 2018ರ ಅಕ್ಟೋಬರ್‌ನಲ್ಲಿ ಅದು ಸುಮಾರು 25 ಸೆಂ.ಮೀ.ಗೆ ಇಳಿದಿತ್ತು, 2022ರ ಆಗಸ್ಟ್‌ನಲ್ಲೂ 30ರ ಆಸುಪಾಸಿಗೆ ಬಂದಿತ್ತು. ಮಾಪಕದ ಅಂಕಿ ನದಿಯ ಪೂರ್ತಿ ಆಳ ಅಲ್ಲ, ಹಡಗಿನ ದಾರಿ ಅದಕ್ಕಿಂತ ಆಳ ಇರುತ್ತದೆ. ನೀರು ಸಾಲದಿದ್ದರೆ ಕಂಪನಿ ನಡುವೆ ಬಸ್ಸಿನಲ್ಲಿ ಸಾಗಿಸಿ, ಆಚೆ ನಿಂತ ಇನ್ನೊಂದು ಹಡಗಿಗೆ ಹತ್ತಿಸುತ್ತದೆ. ನೆರೆ ಬಂದರೆ ಸೇತುವೆಯ ಕೆಳಗೆ ನುಸುಳಲಾಗದೆ ಅದೇ ಕಥೆ.

ಯುರೋಪಿನ ಮಧ್ಯಮಾವಧಿ ಹವಾಮಾನ ಕೇಂದ್ರ ಪ್ರತಿ ತಿಂಗಳೂ 7 ತಿಂಗಳ ಮುನ್ನೋಟ ಕೊಡುತ್ತದೆ. ನಕ್ಷೆಯಲ್ಲಿ ‘ಒಣ ಹವೆಗೆ 40 ಪ್ರತಿಶತ’ ಅಂತ ಕಂಡರೆ ಬೆಚ್ಚಬೇಡಿ. ಒಣ, ಸಾಧಾರಣ, ತೇವ ಎಂಬ ಮೂರು ಪಾಲಿಗೂ ಮೂಲದಲ್ಲೇ 33 ಪ್ರತಿಶತ ಇರುತ್ತದೆ. 40 ಅಂದರೆ ಸಣ್ಣ ವಾಲಿಕೆ. 60 ದಾಟಿದರೆ ಮೇ–ಜೂನ್ ಪ್ರಯಾಣಕ್ಕೆ ಬದಲಿಸುವ ಯೋಚನೆ ಮಾಡಿ.

ಗಾಳಿಲೆಕ್ಕ:
ಕೆರಿಬಿಯನ್ನೇ ಬೇಕು, ಸೆಪ್ಟೆಂಬರೇ ಬೇಕು ಅಂದರೆ ಅರೂಬಾ, ಬೊನೇರ್, ಕ್ಯುರಸಾವ್ ಇರುವ ದಾರಿ ನೋಡಿ. ಅವು 12 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ, ಬಹುತೇಕ ಹರಿಕೇನ್‌ಗಳು ಅವುಗಳ ಉತ್ತರಕ್ಕೆ ಹಾದುಹೋಗುತ್ತವೆ. ಗ್ರ್ಯಾಂಡ್ ಕೇಮನ್‌ನಂತೆ ಸಣ್ಣ ದೋಣಿಯಲ್ಲಿ ದಡ ಸೇರಬೇಕಾದ ಬಂದರುಗಳು ಪಟ್ಟಿಯಲ್ಲಿ ಕಡಿಮೆ ಇರಲಿ. ಬಿರುಗಾಳಿ ನೂರಾರು ಕಿ.ಮೀ. ದೂರದಲ್ಲಿದ್ದರೂ ಅದರ ಉಬ್ಬಲೆ ಬಂದು ದೋಣಿ ನಿಲ್ಲಿಸುತ್ತದೆ. ಇದನ್ನು ಯಾವ ಋತುಮಾನದ ಮುನ್ನೋಟವೂ ಹೇಳದು.

ಹೊರಡುವ ವಾರ ಬಂದಾಗ ಮುನ್ನೋಟ ಮರೆತು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ 7 ದಿನದ ನಕ್ಷೆ ತೆರೆಯಿರಿ. ಬಿರುಗಾಳಿ ಎದ್ದರೆ ಅದು ಸಾಗಬಹುದಾದ ದಾರಿ ತೋರಿಸುವ 5 ದಿನದ ಶಂಕು ಬರುತ್ತದೆ. ಆ ಶಂಕು ಬಿರುಗಾಳಿಯ ಅಗಲ ಅಲ್ಲ. ಬಿರುಗಾಳಿಯ ನಡುಬಿಂದು ಮೂರರಲ್ಲಿ ಎರಡು ಸಲ ಶಂಕುವಿನೊಳಗೆ ಇರುತ್ತದೆ, ಅಷ್ಟೇ. ನಿಮ್ಮ ಬಂದರು ಗೆರೆಯ ಹೊರಗಿದೆ ಅಂದ ಮಾತ್ರಕ್ಕೆ ಮಳೆ, ಗಾಳಿ, ಅಲೆ ತಪ್ಪಿತು ಅಂತ ತಿಳಿಯಬೇಡಿ.