ಉಕ್ಕಿನ ಹೆಸರಿನ ತಂಡ: ಮನೆಯವರ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ (ಬಂದದ್ದನ್ನು ಹಂಚಿಕೊಂಡಿದ್ದಾರೆ): ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಫುಟ್‌ಬಾಲ್ ಆಟಗಾರ ಜೇಮಿ ವಾರ್ಡಿ, 2016ರಲ್ಲಿ ಲೆಸ್ಟರ್ ಸಿಟಿ ಜೊತೆ ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದ ಕಥೆ. ಮಕ್ಕಳಿಗೆ ಓದಿ ಹೇಳಿ.

ಶೆಫೀಲ್ಡ್ ಅಕ್ಕ: ಚಿಕ್ಕಪ್ಪ, ವಾರ್ಡಿ ದುಡಿದದ್ದು ಉಕ್ಕಿನ ಕಾರ್ಖಾನೆಯಲ್ಲಿ ಅಲ್ಲ, ಕೈಕಾಲಿಗೆ ಆಸರೆಯಾಗಿ ಕಟ್ಟುವ ವೈದ್ಯಕೀಯ ಪಟ್ಟಿ (ಸ್ಪ್ಲಿಂಟ್) ತಯಾರಿಸುವ ಕಡೆ. ಉಕ್ಕು ಇದ್ದದ್ದು ಅವರ ತಂಡದ ಹೆಸರಿನಲ್ಲಿ: ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್.

ಚಿಕ್ಕಪ್ಪ: ಯಾವ ಕಾರ್ಖಾನೆಯಾದರೇನಮ್ಮ? ಹುಡುಗ ತನ್ನ ಕಾಲ ಬಲದಿಂದ ಮೇಲೆ ಬಂದ. ಅದು ಮುಖ್ಯ.

ದೊಡ್ಡಪ್ಪ: ಅಲ್ಲಿಯೇ ನನ್ನ ತಕರಾರು. ಮೇಲೆ ಬರಲು ಒಂದು ಮೈದಾನ ಬೇಕಲ್ಲವೇ? ಅದನ್ನು ಮಾಡಿಟ್ಟವರು ಯಾರು?

ಶೆಫೀಲ್ಡ್ ಅಕ್ಕ: ಹೇಳುತ್ತೇನೆ ದೊಡ್ಡಪ್ಪ. ಇಲ್ಲಿಂದ, ಅಂದರೆ ಇಂಗ್ಲೆಂಡಿನ ಶೆಫೀಲ್ಡ್‌ನಿಂದ, ವಾಯವ್ಯಕ್ಕೆ ಕಣಿವೆಯಲ್ಲಿರುವ ಊರು ಸ್ಟಾಕ್ಸ್‌ಬ್ರಿಜ್. 1842ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಎಂಬುವರು ಅಲ್ಲಿನ ಹಳೆಯ ಗಿರಣಿಯೊಂದರಲ್ಲಿ ತಂತಿ ಎಳೆಯುವ ಕೆಲಸ ಆರಂಭಿಸಿದರು. ಛತ್ರಿಯ ಉಕ್ಕಿನ ಕಡ್ಡಿಗಳಿಂದ ಹೆಸರಾದ ಆ ಕಾರ್ಖಾನೆ ಊರನ್ನೇ ಸಾಕಿತು. ಅದರ ನೌಕರರ ತಂಡ ಸ್ಟಾಕ್ಸ್‌ಬ್ರಿಜ್ ವರ್ಕ್ಸ್ 1950ರ ದಶಕದಲ್ಲಿ ಯಾರ್ಕ್‌ಷೈರ್ ಲೀಗನ್ನು ಹಲವು ಬಾರಿ ಗೆದ್ದಿತು. 1986ರಲ್ಲಿ ಆ ತಂಡವೂ ಆಕ್ಸ್ಲಿ ಪಾರ್ಕ್ ತಂಡವೂ ಕೂಡಿ ಪಾರ್ಕ್ ಸ್ಟೀಲ್ಸ್ ಆಯಿತು. ಒಂದರಿಂದ ಪಾರ್ಕ್, ಇನ್ನೊಂದರಿಂದ ಉಕ್ಕು. 1994ರಲ್ಲಿ ನಾರ್ದರ್ನ್ ಕೌಂಟೀಸ್ ಈಸ್ಟ್ ಲೀಗ್ ಗೆದ್ದರು, 1996ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗ್ ಸೇರಿದರು. ಆ ಲೀಗಿನೊಳಗಿನ ಮೇಲಿನ ವಿಭಾಗಕ್ಕೆ ಏರಿದ್ದು 2009ರಲ್ಲಿ. ಅಷ್ಟು ಏರಿದರೂ ಅದು ದೇಶದ ಏಳನೆಯ ಹಂತ. ಮೇಲಿನ ನಾಲ್ಕು ಹಂತಗಳ 92 ಕ್ಲಬ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಇಲ್ಲಿ ನಾನ್-ಲೀಗ್ ಎನ್ನುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ಎಂಬ ದೊಡ್ಡ ಕ್ಲಬ್ ಕೈಬಿಟ್ಟ ವಾರ್ಡಿಗೆ ಆಡಲು ಜಾಗ ಸಿಕ್ಕಿದ್ದು ಇಲ್ಲಿ, ವಾರಕ್ಕೆ 30 ಪೌಂಡ್‌ಗೆ.

ಚಿಕ್ಕಪ್ಪ: ಆಗ ಕಾರ್ಖಾನೆ ಯಾರ ಕೈಯಲ್ಲಿತ್ತು?

ಶೆಫೀಲ್ಡ್ ಅಕ್ಕ: ನಮ್ಮ ಟಾಟಾ ಅವರ ಕೈಯಲ್ಲಿ! 2007ರಲ್ಲಿ ಕೋರಸ್ ಎಂಬ ಉಕ್ಕಿನ ಕಂಪನಿಯನ್ನು ಕೊಂಡಾಗ ಅದೂ ಬಂತು. 2017ರಲ್ಲಿ ಲಿಬರ್ಟಿ ಎಂಬ ಇನ್ನೊಂದು ಕಂಪನಿಗೆ ಹೋಯಿತು.

ಚಿಕ್ಕಪ್ಪ: ಕಾರ್ಖಾನೆಗೆ ಮಾಲೀಕರ ಮೇಲೆ ಮಾಲೀಕರು, ಆಟಗಾರರೋ ಹೊರಗಿನವರು. ಹಾಗಿದ್ದ ಮೇಲೆ ಸ್ಟೀಲ್ಸ್ ಎಂಬ ಹೆಸರು ಏಕೆ? ಬರೀ ಬೋರ್ಡು.

ದೊಡ್ಡಪ್ಪ: ಆ ಮಾತು ನನಗೆ ನೋವು ಕೊಡುತ್ತದೆ. ನಾನು ಕಾರ್ಖಾನೆಯ ತಂಡಕ್ಕೆ ಆಡಿದವನು. ಮೊದಲ ಪಾಳಿ ಮುಗಿಸಿ ಬಂದು ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಗೆರೆ ಎಳೆಯುತ್ತಿದ್ದೆವು. ಲೇತ್ ಮುಂದೆ ನಿಲ್ಲುವವನು ಗೋಲ್‌ಕೀಪರ್, ಸ್ಟೋರ್ಸ್ ಗುಮಾಸ್ತ ಬಲಬದಿಯ ಆಟಗಾರ. ನಮ್ಮ ಮೈದಾನದಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ಅವರು ತಮ್ಮದನ್ನು ಉಳಿಸಿಕೊಂಡರು, ಹೆಸರನ್ನೂ ಉಳಿಸಿಕೊಂಡರು. ಅದನ್ನು ಬೋರ್ಡು ಎನ್ನಬೇಡ ತಮ್ಮಾ.

ಅತ್ತೆ: ಅಣ್ಣ ಹೇಳುವುದು ಸರಿ. ಅಪ್ಪ ನಮ್ಮನ್ನು ಕಾರ್ಖಾನೆ ತಂಡಗಳ ಪಂದ್ಯಕ್ಕೆ ಕರೆದೊಯ್ಯುತ್ತಿದ್ದರು. ಎಚ್‌ಎಎಲ್, ಐಟಿಐ ಎಂದರೆ ಬೆಂಗಳೂರಿನ ಫುಟ್‌ಬಾಲೇ ಆಗಿತ್ತು.

ಚಿಕ್ಕಪ್ಪ: ಎಚ್‌ಎಎಲ್ ಆಗ ದೇಶದ ಅತಿ ಮೇಲಿನ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಎರಡು ವರ್ಷ ಆಡಿ 2012ರಲ್ಲಿ ಕೆಳಗಿಳಿಯಿತು. ಹಣವಿಲ್ಲದೆ ಮೇಲೆ ನಿಲ್ಲಲಾಗದು ಅಣ್ಣಾ. ವಾರ್ಡಿಯೂ 2010ರಲ್ಲಿ ಹ್ಯಾಲಿಫ್ಯಾಕ್ಸ್‌ಗೆ, ಆಮೇಲೆ ಫ್ಲೀಟ್‌ವುಡ್‌ಗೆ ಹೋದ. 2012ರಲ್ಲಿ ಲೆಸ್ಟರ್ ಹತ್ತು ಲಕ್ಷ ಪೌಂಡ್ ಕೊಟ್ಟಿತು ಎಂದು ನಾನು ಕಳುಹಿಸಿದ ಕಥೆಯಲ್ಲೇ ಬರೆದಿದೆ. ಅಂದರೆ ಹಳೆಯ ತಂಡವನ್ನು ಬಿಟ್ಟೇ ಬೆಳೆದ.

ದೊಡ್ಡಪ್ಪ: ಬಿಟ್ಟು ಹೋಗಲಿ. ಏಣಿಯ ಮೊದಲ ಮೆಟ್ಟಿಲ ಮೇಲೆ ಯಾರೂ ಕುಳಿತಿರುವುದಿಲ್ಲ. ಆದರೆ ನೀನು ಕಳುಹಿಸಿದ ಕಥೆಯಲ್ಲಿ ಆ ತಂಡದ ಹೆಸರೇ ಇಲ್ಲವಲ್ಲ.

ಚಿಕ್ಕಪ್ಪ: ಅದು ನಿಜ. ತಂಡದ ಹೆಸರು ಸೇರಿಸಿ, ಉಕ್ಕಿನ ಕಾರ್ಖಾನೆಯ ಮಾತು ತೆಗೆದು ಮತ್ತೆ ಕಳುಹಿಸುತ್ತೇನೆ. ಹಣದ ಮಾತು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಶೆಫೀಲ್ಡ್ ಅಕ್ಕ: ಅವರ ಬ್ರಾಕನ್ ಮೂರ್ ಮೈದಾನದ ಒಂದು ಸ್ಟ್ಯಾಂಡಿಗೆ ವಾರ್ಡಿಯ ಹೆಸರಿಟ್ಟಿದ್ದಾರೆ. ಶನಿವಾರ ಹೋಗಿ ಫೋಟೊ ತೆಗೆದು ಕಳುಹಿಸಲೇ?

ದೊಡ್ಡಪ್ಪ: ಕಳುಹಿಸು ಮಗಳೇ. ಸ್ವಲ್ಪ ಬೇಗ ಹೋಗು. ಅಲ್ಲಿ ಗೆರೆ ಎಳೆಯುವವರು ಯಾರೆಂದು ನೋಡಿ, ಅವರನ್ನು ಮಾತನಾಡಿಸಿ ಬಾ.