ಪದಚರ್ಚೆ: ಪ್ರೋಗ್ರಾಂ ಓಡಿಸುವುದಾ, ನಡೆಸುವುದಾ? ಮತ್ತೆ ‘ಬರ್ತಿಲ್ಲ’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ‘ರನ್’ ಮಾಡುವುದಕ್ಕೆ ನಿಮ್ಮ ಕಡೆ ಕನ್ನಡದಲ್ಲಿ ಏನು ಹೇಳುತ್ತೀರಿ? ಪುಸ್ತಕದ ಪದ ಬೇಡ, ಬಾಯಿಗೆ ಬರುವ ಪದ ಬೇಕು. ಸಾಗರದಲ್ಲಿ ಭಾನುವಾರ ಒಂದಷ್ಟು ಪಿಯುಸಿ ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ, ಮೊದಲ ಪ್ರೋಗ್ರಾಮಿಗೇ ಈ ಪ್ರಶ್ನೆ ಎದ್ದಿದೆ.

‘ಕಾರ್ಯಗತಗೊಳಿಸು’ ಅಂದರೆ ಮಕ್ಕಳು ಅಲ್ಲೇ ಆಕಳಿಸುತ್ತಾರೆ. ‘ಚಲಾಯಿಸು’ ಪರವಾಗಿಲ್ಲ, ಆದರೆ ಅದು ಮತಕ್ಕೂ ಅಧಿಕಾರಕ್ಕೂ ಅಂಟಿಕೊಂಡ ಪದ, ಮನೆಯ ಬೈಕನ್ನು ಕೂಡ ಯಾರೂ ಚಲಾಯಿಸುವುದಿಲ್ಲ. ‘ನಡೆಸು’ ಅಂದರೆ ಅಂಗಡಿ ನಡೆಸುವುದು, ಸಂಘ ನಡೆಸುವುದು, ದಿನಾ ನೋಡಿಕೊಳ್ಳುವ ಕೆಲಸ; ಒಂದು ಸಲ ಎಂಟರ್ ಒತ್ತಿ ಬಿಡುವುದಕ್ಕೆ ಹೊಂದುವುದಿಲ್ಲ. ಉಳಿದದ್ದು ‘ಓಡಿಸು’. ನನಗೆ ಇದೇ ಇಷ್ಟ. ಆದರೆ ನಮ್ಮ ಕಡೆ ಓಡಿಸುವುದು ಅಂದರೆ ಮೊದಲು ನೆನಪಾಗುವುದು ತೋಟಕ್ಕೆ ಬಂದ ಮಂಗ. ‘ಈಗ ಪ್ರೋಗ್ರಾಂ ಓಡಿಸಿ’ ಅಂದ ಕೂಡಲೇ ಹಿಂದಿನಿಂದ ‘ಗರ್ನಾಲು ತರಲಾ ಸರ್?’ ಅಂತ ಒಂದು ದನಿ ಬಂತು.

ಸುಮ್ನೆ ರನ್ ಅಂದರಾಯ್ತು ಅಲ್ವಾ ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಒಪ್ಪಿದೆ. 1964ರ ಬೇಸಿಕ್ ಭಾಷೆಯಲ್ಲೇ ರನ್ ಅನ್ನುವ ಆಜ್ಞೆ ಇತ್ತು. ಉತ್ತರ ತೋರಿಸು ಅನ್ನುವುದಕ್ಕೆ ಪ್ರಿಂಟ್ ಕೂಡ ಇತ್ತು, ಆಗ ಉತ್ತರ ನಿಜವಾಗಿಯೂ ಟೆಲಿಟೈಪ್ ಯಂತ್ರದ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು (ಪ್ರಿಂಟರ್ ಎಲ್ಲಿ ಸರ್ ಅಂತ ಕೇಳುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ). ಹೀಗಾಗಿ ರನ್ ಬಗ್ಗೆ ನನಗೆ ತಕರಾರಿಲ್ಲ. ರನ್ ಕೆಟ್ಟಾಗ ಹೇಳುವ ಮಾತಿನದ್ದೇ ಜಾಸ್ತಿ ಗೊಂದಲ.

ಏನೇ ಕೆಟ್ಟರೂ ಮಕ್ಕಳ ಬಾಯಲ್ಲಿ ಒಂದೇ ಮಾತು: ‘ಸರ್, ಬರ್ತಿಲ್ಲ.’ ಹತ್ತು ಸಾಲಿನ ಪ್ರೋಗ್ರಾಮಿನಲ್ಲಿ ಏಳನೇ ಸಾಲಿನ ಆವರಣ (ಬ್ರಾಕೆಟ್) ಮುಚ್ಚಿಲ್ಲ ಅಂದುಕೊಳ್ಳಿ. ಪೈಥಾನ್ ಮೊದಲು ಇಡೀ ಫೈಲನ್ನು ಓದಿ ನೋಡುತ್ತದೆ, ಹಾಗಾಗಿ ಒಂದನೇ ಸಾಲು ಕೂಡ ಓಡುವುದಿಲ್ಲ. ಅದೇ ಏಳನೇ ಸಾಲಿನಲ್ಲಿ ‘ತೂಕ’ ಅಂತ ಇಟ್ಟುಕೊಂಡ ಹೆಸರನ್ನು ‘ತುಕ’ ಅಂತ ಬರೆದಿದ್ದರೆ (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಮಕ್ಕಳಿಗೆ ಇದು ಬಹಳ ಖುಷಿ) ಮೊದಲ ಆರು ಸಾಲು ಸರಿಯಾಗಿ ಓಡಿ ಅಲ್ಲಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಇದೆ. ಒಬ್ಬಳು ಎರಡು ಅಡಿಕೆ ಚೀಲದ ತೂಕ ಕೇಳಿ ಕೂಡಿಸುವ ಪ್ರೋಗ್ರಾಂ ಬರೆದಳು. 65 ಕೊಟ್ಟಳು, 70 ಕೊಟ್ಟಳು. ಉತ್ತರ 6570! ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಅಂತ ನೋಡುವುದಿಲ್ಲ, ಬರೀ ಅಕ್ಷರ ಅಂತ ನೋಡುತ್ತದೆ, ಕೂಡಿಸು ಅಂದರೆ ಪಕ್ಕಪಕ್ಕ ಜೋಡಿಸಿಡುತ್ತದೆ. ಇದನ್ನು ಸಂಖ್ಯೆ ಅಂತ ನೋಡು ಅನ್ನುವ ‘ಇಂಟ್’ ಹಾಕಿದ ಮೇಲೆ 135 ಬಂತು. ಎರರ್ ಒಂದೂ ತೋರಿಸಿರಲಿಲ್ಲ. ಅವಳು ಕರೆದದ್ದು ಮಾತ್ರ ‘ಸರ್, ಬರ್ತಿಲ್ಲ’ ಅಂತಲೇ.

ಈಗ ಮೊದಲನೆಯದಕ್ಕೆ ‘ಹೊರಡಲಿಲ್ಲ’, ಎರಡನೆಯದಕ್ಕೆ ‘ನಡುವೆ ನಿಂತಿತು’ ಅಂತ ರೂಢಿ ಮಾಡಿಸಿದ್ದೇನೆ. ಘಾಟಿ ಬಸ್ಸಿಗೆ ಹೇಳುವ ಮಾತೇ ಆದ್ದರಿಂದ ಬೇಗ ಹತ್ತಿತು. ಹೊರಡಲಿಲ್ಲ ಅಂದರೆ ನಾನು ಕೂತಲ್ಲಿಂದಲೇ ‘ಆವರಣ, ಕೋಲನ್ ನೋಡು’ ಅನ್ನಬಹುದು, ನಡುವೆ ನಿಂತರೆ ಎಷ್ಟನೇ ಸಾಲು ಅಂತ ಕೇಳಬಹುದು.

ಸಿಕ್ಕಿಕೊಂಡಿರುವುದು ಮೂರನೆಯದಕ್ಕೆ. ‘ಓಡಿತು, ಆದರೆ ಉತ್ತರ ತಪ್ಪು’ ಅನ್ನುವುದು ಉದ್ದವಾಯಿತು. ‘ದಾರಿ ತಪ್ಪಿತು’ ಅಂತ ಒಬ್ಬ ಹುಡುಗ ಸೂಚಿಸಿದ, ಅದು ಯಾರದೋ ಮನೆ ಮಗನ ಬಗ್ಗೆ ಆಡಿಕೊಂಡ ಹಾಗಿದೆ. ‘ಎಡವಿತು’ ಅಂದರೆ ಎರಡನೆಯದರ ಜೊತೆ ಕಲಸಿಹೋಗುತ್ತದೆ. ಹೊರಗಿನಿಂದ ಎಲ್ಲ ಸರಿ ಕಂಡು ಕೊನೆಗೆ ಲೆಕ್ಕ ತಪ್ಪುವುದಕ್ಕೆ ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ ಒಂದೇ ಪದ ಇದೆಯಾ? ಹವ್ಯಕ ಕನ್ನಡದ್ದಾದರೂ ಸರಿ, ತಿಳಿಸಿ.